ಚಾಲೂ ಆಗಿ ನಿಂತುಹೋಗುವ ಹಳೆಯ ಟ್ರ್ಯಾಕ್ಟರು: ದೋಷ ಪತ್ತೆ ಮಾಡುವ ಕ್ರಮ

ಹಿಂಗಾರಿ ಜೋಳದ ಬಿತ್ತನೆಗೆ ಕರಿ ಮಣ್ಣಿನ ಹದ ಕೆಲವೇ ದಿನ ಸಿಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳಲ್ಲಿ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತನೆ ಮುಗಿಯಬೇಕು. ಬೀಜ ಸುಮಾರು 5 ಸೆಂ.ಮೀ. ಆಳದ ಹಸಿ ಮಣ್ಣಿಗೆ ಬೀಳಬೇಕು. ಮೇಲ್ಪದರ ಒಣಗಿದ ನಂತರ ಬಿತ್ತಿದರೆ ಮೊಳಕೆ ಕಡಿಮೆಯಾಗುತ್ತದೆ. ಹೀಗೆ ಕಡಿಮೆಯಾದ ಸಸಿಗಳ ಸಂಖ್ಯೆಯನ್ನು ಮುಂದೆ ಗೊಬ್ಬರ ಹಾಕಿ ತುಂಬಿಕೊಳ್ಳಲಾಗದು. ಇಂಥ ವೇಳೆಯಲ್ಲಿ ಟ್ರ್ಯಾಕ್ಟರು ಚಾಲೂ ಆಗಿ ಒಂದೆರಡು ನಿಮಿಷಕ್ಕೇ ನಿಂತುಬಿಟ್ಟರೆ, ಮೆಕಾನಿಕ್ ಬರುವುದರೊಳಗೆ ಹದ ಆರಿಹೋಗುತ್ತದೆ. ಈ ದೋಷದ ಸಾಮಾನ್ಯ ಕಾರಣಗಳನ್ನು ರೈತರು ತಾವೇ ಕಂಡುಹಿಡಿಯಬಹುದು. ಆದರೆ ಕ್ರಮ ತಪ್ಪಬಾರದು.

ಮೂಲ ಕಾರಣ

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಲ್ಪಟ್ಟು ಕಾದ ಗಾಳಿಗೆ ಡೀಸೆಲ್ ಸಿಂಪಡಣೆಯಾದಾಗ ಅದು ತಾನಾಗಿ ಉರಿಯುತ್ತದೆ. ಇಂಜಿನ್ ಸುಲಭವಾಗಿ ಚಾಲೂ ಆಯಿತೆಂದರೆ ಬ್ಯಾಟರಿ, ಸ್ಟಾರ್ಟರುಗಳನ್ನು ಅನುಮಾನಿಸಬೇಕಾಗಿಲ್ಲ. ಫಿಲ್ಟರು ಮತ್ತು ಪಂಪಿನಲ್ಲಿ ಉಳಿದಿದ್ದ ಡೀಸೆಲ್‌ನಿಂದ ಇಂಜಿನ್ ಸ್ವಲ್ಪ ಹೊತ್ತು ಓಡುತ್ತದೆ. ಹೊಸ ಡೀಸೆಲ್ ಬಾರದಿದ್ದರೆ ನಿಲ್ಲುತ್ತದೆ. ಆದುದರಿಂದ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನೇ ಮೊದಲು ನೋಡಬೇಕು.

ನಿಲ್ಲುವ ರೀತಿಯನ್ನೂ ಗಮನಿಸಬೇಕು. ವೇಗ ಏರಿಳಿಯುತ್ತ, ಹೊಗೆಯಿಲ್ಲದೆ ನಿಂತರೆ ಡೀಸೆಲ್ ಕೊರತೆ ಅಥವಾ ಏರ್ ಹಿಡಿದಿರುವುದು ಕಾರಣವಿರಬಹುದು. ಕಪ್ಪು ಹೊಗೆ ಕಾರಿ ಉಸಿರುಗಟ್ಟಿದಂತೆ ನಿಂತರೆ ಗಾಳಿಯ ದಾರಿ ಕಟ್ಟಿರಬಹುದು.

ಪರೀಕ್ಷೆಯ ಕ್ರಮ

1. ಇಂಜಿನ್ ನಿಲ್ಲಿಸುವ ಗುಂಡಿ ಪೂರ್ತಿ ಒಳಗೆ ಹೋಗಿದೆಯೇ ನೋಡಬೇಕು. ಹಳೆಯ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ನಿಂತರೆ ಪಂಪು ಸಾಕಷ್ಟು ಡೀಸೆಲ್ ಕೊಡುವುದಿಲ್ಲ.

2. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಕೆಳಗಿನ ನಲ್ಲಿ ಪೂರ್ತಿ ತೆರೆದಿದೆಯೇ ನೋಡಬೇಕು. ಆಮೇಲೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ಇಂಜಿನ್ ಓಡಿಸಬೇಕು. ನಿಲ್ಲದೆ ಓಡಿದರೆ ಮುಚ್ಚಳದ ಸಣ್ಣ ಗಾಳಿರಂಧ್ರ ಧೂಳಿನಿಂದ ಮುಚ್ಚಿದೆಯೆಂದು ತಿಳಿಯಬೇಕು.

3. ಟ್ಯಾಂಕು ಪಂಪಿಗಿಂತ ಎತ್ತರದಲ್ಲಿದ್ದರೆ, ಟ್ಯಾಂಕಿನಿಂದ ಬರುವ ಕೊಳವೆಯನ್ನು ಫೀಡ್ ಪಂಪಿನ ಬಳಿ ಬಿಚ್ಚಿ ಶುಚಿಯಾದ ಡಬ್ಬಿಗೆ ಹರಿಯಬಿಡಬೇಕು. ಧಾರೆ ಒಂದೇ ಸಮನೆ ಬಂದರೆ ಅಲ್ಲಿಯವರೆಗೆ ದಾರಿ ಸರಿಯಿದೆ. ಮೊದಲು ಜೋರಾಗಿ ಬಂದು ಬಳಿಕ ತೊಟ್ಟಿಕ್ಕಿದರೆ ಟ್ಯಾಂಕಿನ ತಳದ ಕಸ ಬಾಯಿಗೆ ಅಡ್ಡ ಬರುತ್ತಿದೆ.

4. ಡಬ್ಬಿಯ ಡೀಸೆಲ್ಲನ್ನು ಗಾಜಿನ ಸೀಸೆಯಲ್ಲಿ ಸ್ವಲ್ಪ ಹೊತ್ತು ಇಡಬೇಕು. ನೀರು ಬೆರೆತಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆಗ ಟ್ಯಾಂಕು ಮತ್ತು ಫಿಲ್ಟರಿನ ತಳದ ನೀರನ್ನು ಬಸಿದು ತೆಗೆಯಬೇಕು.

5. ಫಿಲ್ಟರಿನ ಕಾಗದದ ಎಲಿಮೆಂಟ್ ಕಪ್ಪಾಗಿ ಕಟ್ಟಿದ್ದರೆ ತೊಳೆದು ಹಾಕದೆ ಹೊಸದನ್ನೇ ಹಾಕಬೇಕು.

6. ಕೊಳವೆಯ ಕೀಲು ಮತ್ತು ವಾಷರುಗಳನ್ನು ನೋಡಬೇಕು. ಫೀಡ್ ಪಂಪು ಎಳೆಯುವ ಭಾಗದಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರಬಹುದು. ಸೋರಿಕೆ ಕಾಣುವುದಿಲ್ಲವೆಂದು ಈ ಭಾಗವನ್ನು ಬಿಡಬಾರದು.

7. ಕಪ್ಪು ಹೊಗೆ ಇದ್ದರೆ ಏರ್ ಕ್ಲೀನರ್ ಬಿಚ್ಚಬೇಕು. ಬಟ್ಟಲಿನ ಎಣ್ಣೆ ಕೆಸರಾಗಿದ್ದರೆ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಬಹುದಿನ ನಿಂತ ಟ್ರ್ಯಾಕ್ಟರಿನ ಸೈಲೆನ್ಸರಿನಲ್ಲಿ ಹಕ್ಕಿ ಅಥವಾ ಕಣಜದ ಗೂಡು ಇದೆಯೇ ಎಂದೂ ನೋಡಬೇಕು.

ಏರ್ ತೆಗೆಯುವುದು

ಕೊಳವೆ ಅಥವಾ ಫಿಲ್ಟರನ್ನು ಬಿಚ್ಚಿದ ಮೇಲೆ ಏರ್ ತೆಗೆಯಲೇಬೇಕು. ಫಿಲ್ಟರಿನ ಮೇಲಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪನ್ನು ಕೈಯಿಂದ ಒತ್ತುತ್ತಿರಬೇಕು. ಗುಳ್ಳೆಗಳಿಲ್ಲದ ಡೀಸೆಲ್ ಬಂದಾಗ ಒತ್ತುತ್ತಲೇ ಸ್ಕ್ರೂ ಬಿಗಿಯಬೇಕು. ನಂತರ ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಹೀಗೆಯೇ ಮಾಡಬೇಕು. ಒಂದು ದಿನದೊಳಗೆ ಮತ್ತೆ ಏರ್ ಹಿಡಿದರೆ ಯಾವುದೋ ಕೀಲು ಗಾಳಿ ಎಳೆಯುತ್ತಿದೆಯೆಂದು ಅರ್ಥ.

ಎಚ್ಚರಿಕೆಗಳು

• ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಬೇಕು. ಹತ್ತಿರ ಬೀಡಿ ಸೇದಬಾರದು.

• ಇಂಜೆಕ್ಟರಿಗೆ ಹೋಗುವ ಕೊಳವೆಗಳ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

• ಈ ಕ್ರಮ ಯಾಂತ್ರಿಕ ಇಂಜೆಕ್ಷನ್ ಪಂಪಿರುವ ಹಳೆಯ ಟ್ರ್ಯಾಕ್ಟರುಗಳಿಗೆ ಮಾತ್ರ. ಕಾಮನ್ ರೈಲ್ ಇಂಜಿನ್ನಿನ ಕೊಳವೆಗಳನ್ನು ರೈತರು ಬಿಚ್ಚಬಾರದು.

ಇಷ್ಟಾದರೂ ಇಂಜಿನ್ ನಿಲ್ಲುತ್ತಿದ್ದರೆ ಫೀಡ್ ಪಂಪು ಅಥವಾ ಇಂಜೆಕ್ಷನ್ ಪಂಪಿನ ದೋಷವಿರಬಹುದು. ಇಂಜೆಕ್ಷನ್ ಪಂಪಿನ ಒಳಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಹೊಲದ ಧೂಳಿನಲ್ಲಿ ಅದನ್ನು ಬಿಚ್ಚಿದರೆ ಸಣ್ಣ ಖರ್ಚಿನ ಕೆಲಸ ದೊಡ್ಡದಾಗುತ್ತದೆ. ಪರೀಕ್ಷಾ ಯಂತ್ರವಿರುವ ವರ್ಕ್‌ಶಾಪಿಗೇ ಕೊಡಬೇಕು. ಏನೇನು ನೋಡಿಯಾಗಿದೆ ಎಂಬುದನ್ನೂ ಮೆಕಾನಿಕ್‌ಗೆ ತಿಳಿಸಬೇಕು.

ದಿನದ ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರು ಹನಿಗಟ್ಟುವುದು ಕಡಿಮೆಯಾಗುತ್ತದೆ. ಬಿತ್ತನೆಗೆ ಒಂದು ವಾರ ಮೊದಲೇ ಟ್ರ್ಯಾಕ್ಟರನ್ನು ಅರ್ಧ ಗಂಟೆ ಕೆಲಸಕ್ಕೆ ಹಚ್ಚಿ ನೋಡಬೇಕು. ದೋಷವಿದ್ದರೆ ಹದ ಬರುವ ಮೊದಲೇ ತಿಳಿಯುತ್ತದೆ. ರಿಪೇರಿಗೆ ವೇಳೆಯೂ ಸಿಗುತ್ತದೆ.