ಮನೆಯೇ ಗರಡಿ, ಗುರು ದೂರದಲ್ಲಿ

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಬಹುಮಂದಿ ಕಾಲಿನ ಬಲದಿಂದಲೇ ಬದುಕಿದವರು. ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಟ್ಟೆ ಹಿಡಿದು ಓಡಾಡಿದವರು, ಚಾಳಿನ ಮೂರನೆಯ ಮಾಳಿಗೆಗೆ ನೀರಿನ ಕೊಡ ಹೊತ್ತು ಏರಿದವರು, ಹಗಲೆಲ್ಲ ದುಡಿದು ಸಂಜೆ ರಾತ್ರಿಶಾಲೆಗೆ ನಡೆದುಕೊಂಡು ಹೋದವರು. ಅವರಿಗೆ ವ್ಯಾಯಾಮವೆಂಬ ಪ್ರತ್ಯೇಕ ವಿಷಯವೊಂದು ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಅವರ ಮಕ್ಕಳಾದ ನಾವು ಬ್ಯಾಂಕು, ವಿಮಾ ಕಚೇರಿ, ಗಣಕಯಂತ್ರದ ಕಂಪನಿಗಳಲ್ಲಿ ಕುರ್ಚಿ ಹಿಡಿದೆವು. ಆದರೂ ಲೋಕಲ್ ಗಾಡಿ ಹಿಡಿಯಲು ನಿಲ್ದಾಣದ ಸೇತುವೆಯನ್ನು ದಿನಕ್ಕೆ ನಾಲ್ಕು ಸಲ ಹತ್ತಿಳಿಯುವ ಕಾಯಕವೊಂದು ಉಳಿದಿತ್ತು. 2020ರ ಮಾರ್ಚ್ ತಿಂಗಳಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಅದೂ ಹೋಯಿತು. ಬಾಗಿಲು ಮತ್ತೆ ತೆರೆದರೂ ಹಲವರ ಕಚೇರಿ ಮನೆಯೊಳಗೇ ಉಳಿದುಬಿಟ್ಟಿತು. ಮಂಚದಿಂದ ಮೇಜಿಗೆ, ಮೇಜಿನಿಂದ ಮಂಚಕ್ಕೆ. ನಡುವೆ ಹತ್ತು ಹೆಜ್ಜೆ.

ಇಂತಹ ಕುಳಿತ ಬದುಕಿನವರು ಮನೆಯಲ್ಲೇ ಇದ್ದು, ದೂರವಾಣಿಯ ತೆರೆಯ ಮೇಲೆ ಮೂಡುವ ಶಿಕ್ಷಕನನ್ನು ನೋಡುತ್ತ ಅಂಗಸಾಧನೆ ಮಾಡಬಹುದೇ? ಮಾಡಿದರೆ ಫಲವಿದೆಯೇ? ಅಪಾಯವೇನು? ಪ್ರಸ್ತುತ ಲೇಖನದ ವಿಷಯವಿಷ್ಟೇ.

ಕುಳಿತಿರುವುದು ಹೃದಯಕ್ಕೆ ಹಿತವಲ್ಲವೆಂಬ ಸಂಶಯಕ್ಕೆ ಅಂಕಿ ಅಂಶಗಳ ಆಧಾರ ದೊರೆತದ್ದು ಬಸ್ಸುಗಳಲ್ಲಿ. ಲಂಡನ್ನಿನ ಡಾ. ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚು; ಟಿಕೇಟು ಕೊಡುತ್ತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಕಡಿಮೆ, ಬಂದರೂ ಸೌಮ್ಯ. ಇಲ್ಲೊಂದು ಮಾತು ಹೇಳದಿದ್ದರೆ ಶಾಸ್ತ್ರಕ್ಕೆ ಅಪಚಾರವಾದೀತು. ಮಾರಿಸ್ ತಂಡದವರೇ 1956ರಲ್ಲಿ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ ಚಾಲಕರ ಷರಾಯಿಗಳ ಸೊಂಟದ ಸುತ್ತಳತೆಯೇ ದೊಡ್ಡದಿತ್ತು. ಅಂದರೆ ಸ್ಥೂಲಕಾಯದವರು ಚಾಲಕರ ಆಸನವನ್ನು ಆರಿಸಿಕೊಂಡಿರಲೂಬಹುದು. ಎಲ್ಲ ದೋಷವನ್ನೂ ಆಸನದ ಮೇಲೆ ಹೊರಿಸಲಾಗದು. ಅನಂತರದ ದಶಕಗಳ ಅಸಂಖ್ಯ ಅಧ್ಯಯನಗಳು ಮೂಲ ತೀರ್ಮಾನವನ್ನು ದೃಢಪಡಿಸಿವೆಯೆಂಬುದು ಬೇರೆ ಮಾತು.

ನಮ್ಮ ದೇಶದ ಸ್ಥಿತಿ ಸಮಾಧಾನಕರವಲ್ಲ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಕಷ್ಟು ಶರೀರಶ್ರಮ ಮಾಡುತ್ತಿರಲಿಲ್ಲ. ಸ್ತ್ರೀಯರಲ್ಲಿ ಈ ಪ್ರಮಾಣ ನೂರಕ್ಕೆ 57, ಪುರುಷರಲ್ಲಿ 42.

“ನಾನು ತೆಳ್ಳಗಿದ್ದೇನಲ್ಲ, ನನಗೇಕೆ ವ್ಯಾಯಾಮ?” ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಪುಣೆಯಿಂದ ಬಂದಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರೂ ಲಂಡನ್ನಿನ ಡಾ. ಜಾನ್ ಯಡ್ಕಿನ್ ಅವರೂ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮಿಬ್ಬರ ಛಾಯಾಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿರುವ ಕೊಬ್ಬು ಯಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2! ನಮ್ಮವರ ಶರೀರ ಹೊರಗೆ ತೆಳ್ಳಗೆ ಕಂಡರೂ ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅದೂ ಹೊಟ್ಟೆಯ ಸುತ್ತ. ಆದ್ದರಿಂದ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಮಗೆ ಹೆಚ್ಚು ನಂಬಿಗಸ್ತ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರು ದಾಟಿದರೆ ಎಚ್ಚರಗೊಳ್ಳತಕ್ಕದ್ದು.

ಸ್ನಾಯುವಿನ ಮಹತ್ತ್ವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಇಳಿದಾಗ ಅದನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣ ಸ್ನಾಯುಗಳೇ. ವಿಶ್ರಾಂತಿಯಲ್ಲಿರುವ ಸ್ನಾಯು ಇನ್ಸುಲಿನ್ ಬಂದು ಬಾಗಿಲು ತಟ್ಟಿದರಷ್ಟೇ ಸಕ್ಕರೆಯನ್ನು ಧಾರಾಳವಾಗಿ ಒಳಗೆ ಬಿಡುತ್ತದೆ. ದುಡಿಯುವ ಸ್ನಾಯುವಿನಲ್ಲಿಯಾದರೋ ಸಕ್ಕರೆಯ ವಾಹಕಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾವಾಗಿಯೇ ಜೀವಕೋಶದ ಅಂಚಿಗೆ ಬಂದು ನಿಲ್ಲುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ಸಕ್ಕರೆ ತಗ್ಗುವುದು ಇದರಿಂದಲೇ. ಇನ್ನು ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಹಿಂಡಿಕೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಾವು ಕುಳಿತಾಗ ಈ ಪಂಪು ನಿಂತುಬಿಡುತ್ತದೆ. ಸಂಜೆಯ ಹೊತ್ತಿಗೆ ಪಾದ ಊದುವುದಕ್ಕೆ ಇದೂ ಒಂದು ಕಾರಣ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ ಬೇಕು. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಅರುವತ್ತೈದು ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ. ಮಧ್ಯಮವೆಂದರೆ, ಮಾಡುವಾಗ ಮಾತನಾಡಬಹುದು, ಆದರೆ ಹಾಡಲಾಗದು. ತೀವ್ರವೆಂದರೆ ನಾಲ್ಕು ಮಾತಿಗೆ ಉಸಿರು ನಿಲ್ಲಿಸಿಕೊಳ್ಳಬೇಕು. ಒಂದೇ ಸಮನೆ ಹತ್ತು ನಿಮಿಷ ಮಾಡಿದರಷ್ಟೇ ಲೆಕ್ಕವೆಂಬ ಹಳೆಯ ನಿಯಮವನ್ನು ಈ ಪರಿಷ್ಕರಣೆಯಲ್ಲಿ ಕೈಬಿಟ್ಟಿದ್ದಾರೆ. ಒಂದು ಕೋಣೆಯ ಮನೆಯಲ್ಲಿ, ಮಕ್ಕಳ ಪಾಠ, ಅಡಿಗೆ, ಕಚೇರಿಯ ಕರೆಗಳ ನಡುವೆ ಬಾಳುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ದೂರದಿಂದ ವ್ಯಾಯಾಮ ಕಲಿಸುವುದು ಇಂದಿನ ಆವಿಷ್ಕಾರವೆಂದು ತರುಣರು ಭಾವಿಸಿದ್ದಾರೆ. ಹಾಗಲ್ಲ. ಸಾಹಿತ್ಯಪ್ರಿಯರಿಗೆ ಕೆ. ವಿ. ಅಯ್ಯರ್ ಎಂದರೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಸುಪ್ರಸಿದ್ಧ ಅಂಗಸಾಧಕರೂ ಅವರೇ. ಪಾಶ್ಚಾತ್ಯ ಅಂಗಸಾಧನೆಯೊಡನೆ ನಮ್ಮ ಸೂರ್ಯನಮಸ್ಕಾರವನ್ನು ಬೆಸೆದ ಅವರು ಅಂಚೆಯ ಮೂಲಕವೂ ಪಾಠ ನಡೆಸುತ್ತಿದ್ದರು. ಜಪಾನಿನಲ್ಲಿ 1928ರಿಂದ ರೇಡಿಯೋ ಸಂಗೀತದ ತಾಳಕ್ಕೆ ಜನ ವ್ಯಾಯಾಮ ಮಾಡಿದರು. ಕೆನಡಾದ ವಾಯುಸೇನೆಗಾಗಿ 1950ರ ದಶಕದಲ್ಲಿ ಬಿಲ್ ಆರ್ಬನ್ ರೂಪಿಸಿದ ಕ್ರಮವೂ ಮನೆಮನೆಗೆ ತಲುಪಿತು: ಐದು ಚಲನೆ, ಹನ್ನೊಂದು ನಿಮಿಷ, ಯಾವ ಉಪಕರಣವೂ ಬೇಡ, ವಯಸ್ಸಿಗೆ ತಕ್ಕ ಹಂತ, ಒಂದು ಹಂತ ಸಲೀಸಾಗದೆ ಮುಂದಿನದಕ್ಕೆ ಹೋಗುವಂತಿಲ್ಲ. ಕಾಲು ಚಾಚಿ ಮಲಗಿ ಎದ್ದು ಕೂರುವ ಅದರ ಒಂದು ಚಲನೆ ಸೊಂಟಕ್ಕೆ ಹಿತವಲ್ಲವೆಂದು ಈಗ ಬಿಟ್ಟಿದ್ದಾರೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ತತ್ತ್ವ ಮಾತ್ರ ಇಂದಿಗೂ ಸರಿ; ಇಂದಿನ ಅನೇಕ ಜಾಲಪಾಠಗಳಲ್ಲಿ ಕಾಣದಿರುವುದು ಅದೇ.

ಅಂಚೆಯ ಪಾಠಕ್ಕೂ ತೆರೆಯ ಪಾಠಕ್ಕೂ ಇರುವ ವ್ಯತ್ಯಾಸ ಒಂದೇ: ಇಲ್ಲಿ ಗುರುವೂ ಶಿಷ್ಯನನ್ನು ನೋಡಬಲ್ಲ. ಮುದ್ರಿಸಿಟ್ಟ ವಿಡಿಯೋಗಳಲ್ಲಿ ಆ ಲಾಭವಿಲ್ಲ. ನೇರ ತರಗತಿಯಲ್ಲಿ ಉಂಟು. ದೂರದಿಂದ ಪ್ರೋತ್ಸಾಹಿಸುವ ಕ್ರಮಗಳು ಆರೋಗ್ಯವಂತ ವಯಸ್ಕರ ಚಟುವಟಿಕೆಯನ್ನು ಹೆಚ್ಚಿಸುತ್ತವೆ, ಒಂದು ವರ್ಷದ ಬಳಿಕವೂ ಪರಿಣಾಮ ಕಾಣುತ್ತದೆ ಎಂದು ಕಾಕ್ರೇನ್ ಸಂಸ್ಥೆಯ 2013ರ ಸಮೀಕ್ಷೆ ಹೇಳಿದೆ. ನನ್ನ ಅನುಭವವೂ ಅದಕ್ಕೆ ವಿರುದ್ಧವಾಗಿಲ್ಲ. ಆದರೆ ನೋಡಬಲ್ಲ ಎಂಬುದಕ್ಕೂ ನೋಡುತ್ತಾನೆ ಎಂಬುದಕ್ಕೂ ಅಂತರವಿದೆ. ಅದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ.

2020ರ ಜೂನ್ ತಿಂಗಳಲ್ಲಿ ನಮ್ಮ ಸಂಘದ ಸದಸ್ಯರಿಗಾಗಿ ವಾರಕ್ಕೆ ಮೂರು ದಿನ ಬೆಳಗ್ಗೆ ತೆರೆಯ ಮೇಲೆ ವ್ಯಾಯಾಮದ ತರಗತಿ ಆರಂಭಿಸಿದೆವು. ವೈದ್ಯನೆಂಬ ಕಾರಣಕ್ಕೆ ಹೊಣೆ ನನ್ನದಾಯಿತು. ಇಪ್ಪತ್ತೆರಡು ಮಂದಿ ಸೇರಿದರು. ಅವರಲ್ಲಿ ಅರುವತ್ತೆರಡು ವರ್ಷದ ನಿವೃತ್ತ ಬ್ಯಾಂಕು ಅಧಿಕಾರಿಯೊಬ್ಬರು. ಮೂರನೆಯ ವಾರದಿಂದ, ನಿಂತಲ್ಲೇ ವೇಗವಾಗಿ ಹೆಜ್ಜೆ ಹಾಕುವ ಘಟ್ಟ ಬಂದೊಡನೆ ಅವರ ಕಿಟಕಿ ಕಪ್ಪಾಗುತ್ತಿತ್ತು. ಐದು ನಿಮಿಷದ ಮೇಲೆ ಮತ್ತೆ ಬೆಳಗುತ್ತಿತ್ತು. ಸಂಪರ್ಕ ತಪ್ಪುತ್ತಿರಬೇಕೆಂದು ನಾನು ಸುಮ್ಮನಿದ್ದೆ. ಹತ್ತು ದಿನಗಳ ಬಳಿಕ ಅವರ ಪತ್ನಿ ದೂರವಾಣಿ ಮಾಡಿದರು. “ಡಾಕ್ಟರೇ, ಇವರು ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಡುತ್ತಾರೆ. ನಿಮಗೆ ಹೇಳಬೇಡ ಎಂದಿದ್ದಾರೆ.” ಪರೀಕ್ಷೆಯಲ್ಲಿ ಹೃದಯದ ಒಂದು ಮುಖ್ಯ ರಕ್ತನಾಳ ಬಹಳ ಸಂಕುಚಿತವಾಗಿರುವುದು ಕಂಡುಬಂದು ಸ್ಟೆಂಟ್ ಅಳವಡಿಸಬೇಕಾಯಿತು. “ಎಲ್ಲರೂ ಮಾಡುತ್ತಿರುವಾಗ ನಾನೊಬ್ಬನೇ ಹೇಗೆ ಕೂತುಕೊಳ್ಳಲಿ ಡಾಕ್ಟರೇ, ಅದಕ್ಕೇ ತೆರೆ ಎಳೆದುಕೊಂಡೆ” ಎಂದರು ಆ ಮೇಲೆ. ಸಭಾಗೃಹವಾಗಿದ್ದರೆ ಅವರ ಬೆವರಿದ ಮುಖ ನನ್ನ ಕಣ್ಣಿಗೆ ಬೀಳುತ್ತಿತ್ತು. ಸೇರಿಸಿಕೊಳ್ಳುವ ಮುನ್ನ ಕೇಳಬೇಕಾದದ್ದನ್ನು ಕೇಳಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಕೇಳಬೇಕಾದದ್ದೇನೆಂಬುದು ಗುಟ್ಟೇನಲ್ಲ. ಕೆನಡಾದ ತಜ್ಞರು ರೂಪಿಸಿದ ಏಳು ಪ್ರಶ್ನೆಗಳು ದಶಕಗಳಿಂದ ಬಳಕೆಯಲ್ಲಿವೆ. ವೈದ್ಯರು ನಿಮಗೆ ಹೃದಯದ ತೊಂದರೆಯಿದೆ ಎಂದಿದ್ದಾರೆಯೇ? ಶ್ರಮಪಟ್ಟಾಗ ಎದೆನೋವು ಬರುತ್ತದೆಯೇ? ಕಳೆದ ತಿಂಗಳಲ್ಲಿ ಸುಮ್ಮನಿದ್ದಾಗಲೂ ಬಂದಿತ್ತೇ? ತಲೆಸುತ್ತಿ ಬಿದ್ದದ್ದು, ಎಚ್ಚರ ತಪ್ಪಿದ್ದು ಉಂಟೇ? ಮೂಳೆ ಕೀಲುಗಳ ತೊಂದರೆಯಿದೆಯೇ? ರಕ್ತದೊತ್ತಡಕ್ಕೋ ಹೃದಯಕ್ಕೋ ಮಾತ್ರೆ ನಡೆಯುತ್ತಿದೆಯೇ? ವ್ಯಾಯಾಮ ಮಾಡಬಾರದ ಬೇರೆ ಕಾರಣವೇನಾದರೂ ಇದೆಯೇ? ಒಂದಕ್ಕೆ ಹೌದು ಎಂದರೂ ಮೊದಲು ವೈದ್ಯರ ಭೇಟಿ, ಆಮೇಲೆ ವ್ಯಾಯಾಮ. ಹಣ ಪಡೆದೊಡನೆ ಕುಣಿಸಲು ಆರಂಭಿಸುವ, ಈ ಪ್ರಶ್ನೆಗಳ ಗೋಜಿಗೇ ಹೋಗದ ತರಗತಿಯನ್ನು ಅದೆಷ್ಟೇ ಚೆಂದವಿದ್ದರೂ ಬಿಟ್ಟುಬಿಡುವುದು ಮೇಲು. ಅಂತೆಯೇ ಕಷ್ಟದ ಚಲನೆಯ ಪಕ್ಕದಲ್ಲಿ ಸುಲಭದ ಪರ್ಯಾಯ ತೋರಿಸದ ಶಿಕ್ಷಕನನ್ನೂ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರರು ಆಸನ ಮಾಡಲಾಗದವರಿಗೆ ಕುರ್ಚಿ, ಹಗ್ಗ, ಮರದ ತುಂಡು, ಗೋಡೆಗಳನ್ನೇ ಆಸರೆ ಮಾಡಿಕೊಟ್ಟರು. ಮನೆಯ ವ್ಯಾಯಾಮಕ್ಕೂ ಇವೇ ಸಾಕು.

ಹೊಸಬರು ಹೀಗೆ ಆರಂಭಿಸಬಹುದು. ಮೊದಲು ಐದು ನಿಮಿಷ ನಿಂತಲ್ಲೇ ನಿಧಾನವಾಗಿ ಹೆಜ್ಜೆ ಹಾಕುತ್ತ ಭುಜಗಳನ್ನು ತಿರುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಅನಂತರ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನವಾಗಿ ಕೂರುವುದು, ಎಂಟು ಸಲ. ಏಳುವಾಗ ಉಸಿರು ಬಿಡಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಬಳಿಕ ಗೋಡೆಗೆ ಅಂಗೈಯೂರಿ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದು, ಅದೂ ಎಂಟು ಸಲ. ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಅದೇ ಕಟ್ಟೆಯ ಬಳಿ ಒಂದೊಂದೇ ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು. ಮೂರು ನಿಮಿಷ ಚುರುಕಾಗಿ ನಿಂತಲ್ಲೇ ನಡೆದು ಈ ಸುತ್ತನ್ನು ಇನ್ನೊಮ್ಮೆ ಮಾಡಬೇಕು. ಕೊನೆಯಲ್ಲಿ ತಟ್ಟನೆ ನಿಲ್ಲಿಸಕೂಡದು. ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗಬಹುದು. ವಾರಕ್ಕೆ ಮೂರು ದಿನ, ಸುಮಾರು ಇಪ್ಪತ್ತು ನಿಮಿಷ. ಉಳಿದ ದಿನ ಬಿರುಸು ನಡಿಗೆ. ಎಂಟು ಸಲ ಸಲೀಸಾದ ವಾರ ಹತ್ತಕ್ಕೆ, ಅದು ಸಲೀಸಾದ ಮೇಲೆ ಹನ್ನೆರಡಕ್ಕೆ, ಮತ್ತೆ ಗೋಡೆಯ ಬದಲು ಕಟ್ಟೆಗೆ. ಮೊದಲ ವಾರಗಳಲ್ಲಿ ಬರುವ ಬಲ ಬಹುಪಾಲು ನರಗಳ ಕಲಿಕೆಯಿಂದ ಬಂದದ್ದು. ಸ್ನಾಯು ಬೆಳೆಯಲು ಇನ್ನಷ್ಟು ಕಾಲ ಬೇಕು. ಎರಡೇ ವಾರಕ್ಕೆ ಕನ್ನಡಿಯ ಮುಂದೆ ನಿಂತು ನಿರಾಶರಾಗಬಾರದು.

ಕೆಲವು ಸಣ್ಣ ವಿಷಯಗಳು ಸಣ್ಣವಲ್ಲ. ಪ್ಲಾಸ್ಟಿಕ್ ಕುರ್ಚಿ ನುಣುಪಾದ ಟೈಲ್ಸ್ ನೆಲದ ಮೇಲೆ ಜಾರುತ್ತದೆ. ಬೆನ್ನನ್ನು ಗೋಡೆಗೆ ತಾಗಿಸಿಡಬೇಕು. ಗಾಲಿಯ ಕುರ್ಚಿ ಬೇಡವೇ ಬೇಡ. ನೆಲ ಒರೆಸಿದ ತಕ್ಷಣ ಬರಿಗಾಲಲ್ಲಿ ನಿಲ್ಲಬಾರದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಶ್ರಮಪಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ನಡುಕ, ತಣ್ಣನೆಯ ಬೆವರು ಬಂದರೆ ನಿಲ್ಲಿಸಿ ಸಕ್ಕರೆ ತಿನ್ನಬೇಕು. ನೇರ ತರಗತಿಯಲ್ಲಿ ದೂರವಾಣಿಯನ್ನು ಏಳೆಂಟು ಅಡಿ ದೂರ, ಪಕ್ಕದಿಂದ ಮೊಣಕಾಲೂ ಪಾದವೂ ಕಾಣುವಂತೆ ಇಡಿ. ಹೆಚ್ಚಿನವರು ಮುಖವೊಂದನ್ನೇ ತೋರಿಸುತ್ತಾರೆ. ಮುಖ ನೋಡಿ ಮೊಣಕಾಲನ್ನು ತಿದ್ದುವ ವಿದ್ಯೆ ನಮಗಿನ್ನೂ ಸಿದ್ಧಿಸಿಲ್ಲ. ಎದೆಯಲ್ಲಿ ಒತ್ತಡ, ದವಡೆಗೋ ಎಡಗೈಗೋ ಹರಡುವ ನೋವು, ಮಾತು ಹೊರಡದಷ್ಟು ಏದುಸಿರು ಕಂಡರೆ ನಿಲ್ಲಿಸಿ, ಮನೆಯವರನ್ನು ಕೂಗಿ, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಆ ಹೊತ್ತಿನಲ್ಲಿ ತೆರೆ ಎಳೆಯಬಾರದು.

ಪ್ರಗತಿಯನ್ನು ಅಳೆಯಲು ಯಂತ್ರ ಬೇಡ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, ಮೂವತ್ತು ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುವಿರಿ ಎಂದು ಎಣಿಸಬೇಕು. ಅರುವತ್ತರಿಂದ ಅರುವತ್ತನಾಲ್ಕು ವಯಸ್ಸಿನ ಪುರುಷರಲ್ಲಿ 14ಕ್ಕಿಂತ, ಸ್ತ್ರೀಯರಲ್ಲಿ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದೆಂದು ಅರ್ಥ. ನಮ್ಮ ಬ್ಯಾಂಕು ಅಧಿಕಾರಿಗಳು ಹೃದಯತಜ್ಞರ ಅನುಮತಿ ಪಡೆದು 2021ರ ಜನವರಿಯಲ್ಲಿ ತರಗತಿಗೆ ಮರಳಿದಾಗ ಅವರ ಎಣಿಕೆ 9 ಇತ್ತು, ಏಪ್ರಿಲ್‌ನಲ್ಲಿ 13 ಆಯಿತು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅದನ್ನು ಬರೆದಿಟ್ಟಿದ್ದರು. ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಂದು ಅಂಕಿಯಿತ್ತು: 15. ತರಗತಿಗೆ ಹೆಸರನ್ನೇ ಕೊಡದೆ ಅವರ ಪತ್ನಿ ಬಾಗಿಲ ಮರೆಯಲ್ಲಿ ನಿಂತು ಮಾಡುತ್ತಿದ್ದರಂತೆ.