ಏರ್ ಕಂಪ್ರೆಸರ್: ಗಾಳಿ ತಾನೇ ಅಂತ ಹಗುರವಾಗಿ ತಗೋಬೇಡಿ

ಬೋರನಕಣಿವೆ ಸುತ್ತಲಿನ ತೆಂಗಿನ ತೋಟಗಳಲ್ಲಿ ಕಂಪ್ರೆಸರ್‌ಗೆ ಕೆಲಸ ಬೇಕಾದಷ್ಟಿದೆ. ಟ್ರ್ಯಾಕ್ಟರ್ ಟೈರಿಗೆ ಗಾಳಿ ತುಂಬಬೇಕು, ರೇಡಿಯೇಟರ್ ದೂಳು ಹೊಡೀಬೇಕು, ನೀರು ಕಡಿಮೆ ಇರೋ ಬೋರ್‌ವೆಲ್‌ನಲ್ಲಿ ಗಾಳಿ ಬಿಟ್ಟು ನೀರೆತ್ತಬೇಕು. ಸ್ವಿಚ್ ಹಾಕೋದು ಸುಲಭ. ಆದರೆ ಆ ಟ್ಯಾಂಕಿನೊಳಗೆ ಏನು ತುಂಬಿದೆ ಅಂತ ತಿಳಿದು ಬಳಸಿದರೆ ಮಾತ್ರ ಅದು ಸುರಕ್ಷಿತ.

ಒಂದು ಸಣ್ಣ ಲೆಕ್ಕ

ಗೇಜ್ 100 ಪಿಎಸ್‌ಐ ತೋರಿಸ್ತಿದೆ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 7 ಕೆ.ಜಿ. ಒತ್ತಡ. ಟ್ಯಾಂಕಿನ ಅಡ್ಡಗಲ 40 ಸೆಂ.ಮೀ. ಇದ್ದರೆ, ಅದರ ಒಂದು ಬದಿಯ ಮುಚ್ಚಳದ ವಿಸ್ತೀರ್ಣ ಸುಮಾರು 1,256 ಚದರ ಸೆಂ.ಮೀ. ಗುಣಿಸಿ ನೋಡಿ: ಆ ಒಂದು ಮುಚ್ಚಳವನ್ನು ಗಾಳಿ ಎಂಟೂವರೆ ಟನ್‌ಗೂ ಹೆಚ್ಚು ಬಲದಿಂದ ಹೊರಗೆ ತಳ್ತಾ ಇರುತ್ತೆ. ತಡೆದು ನಿಲ್ಲಿಸಿರೋದು ಕೆಲವೇ ಮಿಲಿಮೀಟರ್ ದಪ್ಪದ ತಗಡು.

ತುಕ್ಕು ಹಿಡಿಯೋದು ಒಳಗಿಂದ

ನಾವು ಎಳೆದುಕೊಳ್ಳೋ ಗಾಳಿಯಲ್ಲಿ ತೇವ ಇರುತ್ತೆ. ಒತ್ತಿದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಾಗ ಆ ತೇವ ನೀರಾಗಿ ತಳದಲ್ಲಿ ನಿಲ್ಲುತ್ತೆ. ಹೊರಗೆ ಬಣ್ಣ ಹೊಸದರಂತೆ ಹೊಳೀತಿರಬಹುದು, ಒಳಗೆ ತಗಡು ತುಕ್ಕು ತಿಂದು ತೆಳ್ಳಗಾಗ್ತಿರುತ್ತೆ. ಇದಕ್ಕೆ ಮದ್ದು ಟ್ಯಾಂಕಿನ ತಳದಲ್ಲಿರೋ ಡ್ರೈನ್ ಕಾಕ್. ದಿನದ ಕೆಲಸ ಮುಗಿದ ಮೇಲೆ ಮೋಟಾರ್ ಆಫ್ ಮಾಡಿ, ಒತ್ತಡ ಇಳಿಸಿ, ಸ್ವಲ್ಪ ಗಾಳಿ ಉಳಿದಿರುವಾಗಲೇ ಕಾಕ್ ನಿಧಾನವಾಗಿ ತಿರುಗಿಸಿ. ಕೆಂಪು ನೀರು ಬಂದರೆ ತುಕ್ಕು ಶುರುವಾಗಿದೆ ಅಂತ ಅರ್ಥ.

ಟ್ಯಾಂಕ್ ತೂತಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪ್ಯಾಚ್ ಹಾಕಿಸಬೇಡಿ. ಒಂದು ಕಡೆ ತೂತಾಗಿದೆ ಅಂದರೆ ಸುತ್ತಲಿನ ತಗಡೂ ಸವೆದಿರುತ್ತೆ. ಟ್ಯಾಂಕನ್ನೇ ಬದಲಿಸಿ. ಹಳೇ ಕಂಪ್ರೆಸರ್ ಕೊಳ್ಳೋದಾದರೆ ಟ್ಯಾಂಕಿಗೆ ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿಸಿಕೊಂಡೇ ದುಡ್ಡು ಕೊಡಿ. ನೀರು ಗಾಳಿಯಂತೆ ಕುಗ್ಗೋದಿಲ್ಲ. ಹಾಗಾಗಿ ಟ್ಯಾಂಕ್ ಬಿಟ್ಟುಕೊಂಡರೂ ನೀರು ಸೋರುತ್ತೆ, ಬಾಂಬಿನ ಹಾಗೆ ಸಿಡಿಯೋದಿಲ್ಲ.

ಸೇಫ್ಟಿ ವಾಲ್ವ್ ಮುಚ್ಚಬೇಡಿ

ಪ್ರೆಷರ್ ಸ್ವಿಚ್ ಕೆಟ್ಟು ಮೋಟಾರ್ ನಿಲ್ಲದೇ ಹೋದರೆ ನಿಮ್ಮನ್ನು ಕಾಯೋದು ಇದೊಂದೇ. 'ಸುಮ್ಮನೆ ಗಾಳಿ ಬಿಡುತ್ತೆ' ಅಂತ ಅದನ್ನು ಬಿಗಿ ಮಾಡೋದು, ಬೋಲ್ಟ್ ಹಾಕಿ ಮುಚ್ಚೋದು ಪ್ರಾಣಕ್ಕೇ ಅಪಾಯ. ವಾರಕ್ಕೊಮ್ಮೆ ಅದರ ರಿಂಗ್ ಎಳೆದು ನೋಡಿ. ಗಾಳಿ ಹೊರಬಂದು, ಬಿಟ್ಟ ತಕ್ಷಣ ನಿಲ್ಲಬೇಕು. ಇಲ್ಲವಾದರೆ ಅಷ್ಟೇ ರೇಟಿಂಗ್‌ನ ಹೊಸ ವಾಲ್ವ್ ಹಾಕಿಸಿ.

ಆಟೋ ಸ್ಟಾರ್ಟರ್ ಇದ್ದವರು ಗಮನಿಸಿ

ತ್ರೀ ಫೇಸ್ ಯಾವಾಗ ಬರುತ್ತೋ ಅಂತ ತುಂಬಾ ಜನ ಆಟೋ ಸ್ಟಾರ್ಟರ್ ಹಾಕಿರ್ತಾರೆ. ಕರೆಂಟ್ ಇಲ್ಲ ಅಂತ ಬೆಲ್ಟ್ ಬಿಗಿ ಮಾಡೋಕೆ ಕೈ ಹಾಕ್ತೀರಿ, ಅದೇ ಹೊತ್ತಿಗೆ ಕರೆಂಟ್ ಬಂದರೆ? ಬೆರಳು ಪುಲ್ಲಿಯೊಳಗೆ. ಮುಟ್ಟೋ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಕೊಳ್ಳಿ. ಬೆಲ್ಟಿನ ಮೇಲಿನ ಜಾಲರಿ ತೆಗೆದು ಓಡಿಸಬೇಡಿ. ಪಂಚೆ, ಟವಲ್ ಹತ್ತಿರ ಹೋದರೂ ಎಳ್ಕೊಳ್ಳುತ್ತೆ.

ಪಿವಿಸಿ ಪೈಪ್ ಬೇಡ, ಡ್ರಿಪ್‌ಗೆ ನೇರ ಗಾಳಿ ಬೇಡ

ತೋಟದಲ್ಲಿ ಬಿದ್ದಿರೋ ಪಿವಿಸಿ ಪೈಪನ್ನೇ ಗಾಳಿ ಲೈನಿಗೆ ಹಾಕೋದು ದೊಡ್ಡ ತಪ್ಪು. ಬಿಸಿಲಿಗೆ ಬಿದ್ದ ಪಿವಿಸಿ ಪೆಡಸಾಗಿರುತ್ತೆ. ಗಾಳಿ ತುಂಬಿದಾಗ ಒಡೆದರೆ ಚೂಪಾದ ಚೂರುಗಳಾಗಿ ಹಾರುತ್ತೆ. ಗಾಳಿಗೆ ಅಂತಲೇ ಮಾಡಿದ, ಒತ್ತಡದ ರೇಟಿಂಗ್ ಬರೆದಿರೋ ಹೋಸ್ ಬಳಸಿ, ಕ್ಲ್ಯಾಂಪ್ ಬಿಗಿಯಾಗಿರಲಿ. ಡ್ರಿಪ್ ಲೈನ್ ಸಾಮಾನ್ಯವಾಗಿ ಕೆಲಸ ಮಾಡೋದೇ 1 ಕೆ.ಜಿ. ಆಸುಪಾಸಿನ ಒತ್ತಡದಲ್ಲಿ. ಅದಕ್ಕೆ 7 ಕೆ.ಜಿ. ಗಾಳಿ ಬಿಟ್ಟರೆ ಕಟ್ಟಿಕೊಂಡದ್ದು ಬಿಡೋ ಮೊದಲು ಡ್ರಿಪ್ಪರ್ ಕಿತ್ತು ಹಾರುತ್ತೆ. ಕೊನೆಯ ಮುಚ್ಚಳ ತೆಗೆದು ನೀರಿನಿಂದಲೇ ಫ್ಲಶ್ ಮಾಡಿ.

ಟೈರ್ ಮತ್ತು ಮೈ

ಟ್ರ್ಯಾಕ್ಟರ್ ಟೈರಿಗೆ ಗಾಳಿ ಹಾಕುವಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಟೈರ್ ರಿಮ್ಮಿಗೆ ಕೂರಿಸೋಕೆ 35 ಪಿಎಸ್‌ಐ ದಾಟಬೇಡಿ. ಟ್ರೇಲರ್ ಚಕ್ರಕ್ಕೆ ಲಾಕ್ ರಿಂಗ್ ಇದ್ದರೆ ಪಂಚರ್ ಅಂಗಡಿಗೇ ಕೊಡಿ, ರಿಂಗ್ ಕಿತ್ತು ಹಾರಿದರೆ ಉಳಿಯೋದು ಕಷ್ಟ.

ಗಾಳಿ ಗನ್ನಿನಿಂದ ಮೈಮೇಲಿನ ದೂಳು, ತೆಂಗಿನ ನಾರು ಹೊಡ್ಕೋಬೇಡಿ. ಕಣ್ಣಿಗೆ, ಕಿವಿಗೆ, ಗಾಯಕ್ಕೆ ಗಾಳಿ ನುಗ್ಗಿದರೆ ಆಸ್ಪತ್ರೆಯೇ ಗತಿ. ತಮಾಷೆಗೂ ಯಾರ ಮೇಲೂ ಬಿಡಬೇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಂದು ವಾಹನ ಸರ್ವಿಸ್ ಸೆಂಟರ್‌ನಲ್ಲಿ ಸ್ನೇಹಿತನೇ ತಮಾಷೆಗೆ ಹಿಂಬದಿಯಿಂದ ಗಾಳಿ ಬಿಟ್ಟು, ಕರುಳಿಗೆ ಪೆಟ್ಟಾಗಿ ಯುವಕನೊಬ್ಬ ಸತ್ತ. ಮಕ್ಕಳ ಕೈಗೆ ಗನ್ ಕೊಡಲೇಬೇಡಿ.

ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ

1. ದಿನಾ: ಆಯಿಲ್ ಮಟ್ಟ ನೋಡಿ, ಕೆಲಸ ಮುಗಿದ ಮೇಲೆ ಟ್ಯಾಂಕಿನ ನೀರು ಬಿಡಿ.
2. ವಾರಕ್ಕೊಮ್ಮೆ: ಸೇಫ್ಟಿ ವಾಲ್ವ್ ರಿಂಗ್ ಎಳೆಯಿರಿ, ಏರ್ ಫಿಲ್ಟರ್ ಬಿಡಿಸಿ ಸ್ವಚ್ಛ ಮಾಡಿ.
3. ತಿಂಗಳಿಗೊಮ್ಮೆ: ಬೆಲ್ಟ್, ಹೋಸ್, ಅರ್ಥಿಂಗ್ ವೈರ್ ನೋಡಿ.
4. ಜಾಗ: ಗಾಳಿಯಾಡೋ ನೆರಳು ಇರಲಿ. ಮಟ್ಟೆ ರಾಶಿ, ಕೊಬ್ಬರಿ ಅಟ್ಟದ ಪಕ್ಕ ಬೇಡ. ನಾರಿನ ದೂಳು ಫಿಲ್ಟರ್ ಕಟ್ಟುತ್ತೆ, ಬಿಸಿಯಾದ ಮೆಷಿನ್ ಪಕ್ಕ ಅದು ಬೆಂಕಿಗೂ ದಾರಿ.
5. ಕೆಲಸಕ್ಕೆ ನಿಂತಾಗ: ಕನ್ನಡಕ, ಕಾಲಿಗೆ ಶೂ.

ಇವತ್ತೇ ಹೋಗಿ ನಿಮ್ಮ ಕಂಪ್ರೆಸರ್‌ನ ಡ್ರೈನ್ ಕಾಕ್ ತಿರುಗಿಸಿ ನೋಡಿ. ಬರೋ ನೀರಿನ ಬಣ್ಣವೇ ಟ್ಯಾಂಕಿನ ಒಳಗಿನ ಸ್ಥಿತಿ ಹೇಳುತ್ತೆ.