ಕಣ್ಣೀರಿನ ಪರೆ: ಕಣ್ಣು ಮುಟ್ಟದೆ ನೋಡುವ ಪರೀಕ್ಷೆಗಳು



ಧಾರವಾಡದ ಹತ್ತಿರದ ಒಂದು ಸಂಘದ ವಾರದ ಸಭೆಯಲ್ಲಿ ಕಸೂತಿ ಹಾಕುವ ಸದಸ್ಯೆಯೊಬ್ಬರು ಹೇಳಿದರು: “ಸಿಸ್ಟರ್, ಸಂಜೀ ಆದ್ರ ಕಣ್ಣಾಗ ಉಸುಕು ಬಿದ್ದಂಗ ಆಗ್ತೈತ್ರಿ. ನೀರು ಒಂದೇ ಸವನೆ ಸುರೀತಾವ. ಡಾಕ್ಟರ್ ನೋಡಿದ್ರ ಕಣ್ಣು ಒಣಗ್ಯಾವ ಅಂತಾರ. ಇದೇನ್ ಚ್ಯಾಷ್ಟಿರೀ?” ಎಲ್ಲರೂ ನಕ್ಕರು. ಆದರೆ ಆಕೆ ಆ ತಿಂಗಳು ಒಂದು ಸೆರಗನ್ನೂ ಮುಗಿಸಿರಲಿಲ್ಲ, ಸಾಲದ ಕಂತೂ ನಿಂತಿತ್ತು.

ಡಾಕ್ಟರು ಹೇಳಿದ್ದು ಚ್ಯಾಷ್ಟಿಯಲ್ಲ. ನಮ್ಮ ಕಣ್ಣಿನ ಮೇಲೆ ಯಾವಾಗಲೂ ಕಣ್ಣೀರಿನ ಒಂದು ತೆಳು ಪರೆ ಇರುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು 3 ಭಾಗದಷ್ಟೇ ದಪ್ಪ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಮೇಲೆ ನಿಂತು ಕಾಯುವ ಹಾಗೆ ಇಲ್ಲಿಯೂ ಎಣ್ಣೆಯೇ ನೀರು ಆರದಂತೆ ಕಾಯುತ್ತದೆ. ಈ ಎಣ್ಣೆ ರೆಪ್ಪೆಯಂಚಿನ ಗ್ರಂಥಿಗಳಿಂದ ಬರುತ್ತದೆ. ಅವು ಕಟ್ಟಿಕೊಂಡರೆ ನೀರು ಬೇಗ ಆರಿ ಕಣ್ಣು ಉರಿಯುತ್ತದೆ. ಉರಿ ತಾಳದೆ ಕಣ್ಣು ನೀರು ಸುರಿಸುತ್ತದೆ, ಆದರೆ ಆ ನೀರು ನಿಲ್ಲುವುದಿಲ್ಲ.

ಹಳೆಯ ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ತೊಯ್ಯಿತು ಎಂದು ಅಳೆಯುತ್ತಾರೆ. ಇದು ಶರ್ಮರ್ ಪರೀಕ್ಷೆ. ಹಳದಿ ಬಣ್ಣ ಹಾಕಿ ನೋಡುವುದೂ ಉಂಟು. ಇವು ಈಗಲೂ ಬಳಕೆಯಲ್ಲಿವೆ, ಖರ್ಚೂ ಕಡಿಮೆ. ಆದರೆ ಮುಟ್ಟಿದ ಕೂಡಲೇ ಕಣ್ಣಲ್ಲಿ ನೀರು ಬರುವುದರಿಂದ ಲೆಕ್ಕ ತಪ್ಪಬಹುದು.

ಹೊಸ ವಿಧಾನದಲ್ಲಿ ಯಂತ್ರದ ಮೇಲೆ ಗದ್ದ ಇಟ್ಟು ಕೂತರೆ ಸಾಕು. ಸೂಜಿ ಇಲ್ಲ, ನೋವಿಲ್ಲ. ಬೆಳಕಿನ ಬಳೆಗಳು ಕಣ್ಣಿನ ಮೇಲೆ ಬೀಳುತ್ತವೆ. ನಿಂತ ನೀರಿನಲ್ಲಿ ನೆರಳು ನೆಟ್ಟಗೆ ಕಾಣುವಂತೆ, ಪರೆ ಸರಿಯಿದ್ದರೆ ಬಳೆಗಳು ದುಂಡಗೆ ಕಾಣುತ್ತವೆ. ಪರೆ ಹರಿದಲ್ಲಿ ಬಳೆ ಸೊಟ್ಟಾಗುತ್ತದೆ. ರೆಪ್ಪೆ ಬಡಿದ ಮೇಲೆ 10 ಸೆಕೆಂಡಿನೊಳಗೇ ಹರಿದರೆ ಒಣಗಣ್ಣಿನ ಸಂಶಯ. ಇನ್ನೊಂದು ಯಂತ್ರ ಎಣ್ಣೆಯ ಪದರ ನೋಡುತ್ತದೆ. ಮಳೆನೀರಿನ ಮೇಲೆ ಪೆಟ್ರೋಲ್ ಬಿದ್ದಾಗ ಬಣ್ಣ ಕಾಣುವುದಿಲ್ಲವೇ, ಹಾಗೆ. ಮತ್ತೊಂದರಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಎಣ್ಣೆ ಗ್ರಂಥಿಗಳ ಫೋಟೋ ತೆಗೆಯುತ್ತಾರೆ. ಅದಕ್ಕೆ ರೆಪ್ಪೆ ಮಗುಚಬೇಕಾಗುತ್ತದೆ, ಗುಡ್ಡೆಯನ್ನು ಮುಟ್ಟುವುದಿಲ್ಲ.

ನೀರು ಕಡಿಮೆಯೋ, ಎಣ್ಣೆ ಕಡಿಮೆಯೋ ತಿಳಿಯದೆ ಔಷಧ ಹಾಕುವುದು ದಂಡ. ಎಣ್ಣೆ ಕಟ್ಟಿದ್ದರೆ ಬೆಚ್ಚನೆಯ ಬಟ್ಟೆಯ ಕಾವು, ರೆಪ್ಪೆ ತಿಕ್ಕುವುದು. ನೀರು ಕಡಿಮೆಯಿದ್ದರೆ ಕೃತಕ ಕಣ್ಣೀರಿನ ಹನಿ. ಕೆಲವರಿಗೆ ಎರಡೂ ಬೇಕು. ಕೀಲುನೋವು, ಬಾಯಿ ಒಣಗುವುದು ಜೊತೆಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಮುಟ್ಟು ನಿಂತ ಮೇಲೆ ನಮಗೆ ಈ ತೊಂದರೆ ಹೆಚ್ಚು (ನಾನೂ ಈ ಸಾಲಿನಲ್ಲೇ ಇದ್ದೇನೆ).

ನನಗೆ ಹೆಚ್ಚು ಭಯ ಮೆಡಿಕಲ್ ಶಾಪಿನ ಹನಿಗಳದ್ದು. ಕೆಂಪು ಕಣ್ಣಿಗೆಂದು ಚೀಟಿ ಇಲ್ಲದೆ ತರುವ ಎಷ್ಟೋ ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ಹಾಯ್ ಅನಿಸುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಡಾಕ್ಟರಿಗೆ ತೋರಿಸಿರಿ.

ವಿದ್ಯಾನಗರದಲ್ಲಿ ನಾವೆಲ್ಲ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಯಿದೆ. ಹುಬ್ಬಳ್ಳಿಯಲ್ಲಿ ಡಾ. ಎಂ.ಎಂ. ಜೋಶಿಯವರು 1967ರಲ್ಲಿ ಆರಂಭಿಸಿದ ಕಣ್ಣಿನ ಆಸ್ಪತ್ರೆಯಿದೆ. ಈ ಯಂತ್ರಗಳು ದುಬಾರಿ, ಎಲ್ಲ ಕಡೆ ಇರುವುದಿಲ್ಲ. ಇದೆಯೇ, ಎಷ್ಟಾಗುತ್ತದೆ ಎಂದು ಮೊದಲೇ ಕೇಳಿರಿ. ಇಲ್ಲದಿದ್ದರೆ ಕಾಗದದ ಪಟ್ಟಿಯ ಪರೀಕ್ಷೆಯಾದರೂ ಮಾಡಿಸಿರಿ. ಯಂತ್ರ ಇಲ್ಲ ಅಂತ ವರ್ಷಗಟ್ಟಲೆ ಕಾಯಬೇಡಿರಿ.

ಮುಂದಿನ ಸಭೆಗೆ: ಇಬ್ಬಿಬ್ಬರು ಎದುರು ಕೂಡಿರಿ. ಒಬ್ಬರು ಒಂದು ನಿಮಿಷ ಮಾತಾಡಲಿ, ಇನ್ನೊಬ್ಬರು ಅವರ ರೆಪ್ಪೆ ಎಷ್ಟು ಸಲ ಬಡಿಯಿತು ಎಣಿಸಲಿ. ಮಾತಾಡುವಾಗ ಸಾಮಾನ್ಯವಾಗಿ 15ಕ್ಕಿಂತ ಹೆಚ್ಚೇ ಬರುತ್ತದೆ. ಆಮೇಲೆ ಅವರೇ ಎಳೆ ಎಣಿಸಿ ಗವಂತಿ ಹೊಲಿಗೆ ಹಾಕಲಿ, ಇಲ್ಲವೇ ಮೊಬೈಲ್ ನೋಡಲಿ, ಮತ್ತೆ ಎಣಿಸಿರಿ. ಎರಡೂ ಸಂಖ್ಯೆ ಸಂಘದ ವಹಿಯಲ್ಲಿ ಬರೆದಿಡಿರಿ, ಬಂದಾಗ ನೋಡುತ್ತೇನೆ.